ಹೊಳೆಯ ಕಡೆಯ ಗೋಡೆ: ಡ್ಯೂಪಾಂಟ್ ಸಂಸ್ಥೆಯ ಸುರಕ್ಷತಾ ಚರಿತ್ರೆ

ಯಾವುದೇ ದೊಡ್ಡ ಸಂಸ್ಥೆಯ ಚರಿತ್ರೆಯನ್ನು ಬರೆಯಹೊರಟವನಿಗೆ ಎರಡು ಬಗೆಯ ಸಾಮಗ್ರಿ ಎದುರಾಗುತ್ತದೆ: ಸಂಸ್ಥೆ ತಾನೇ ಜೋಪಾನವಾಗಿ ಕಾಪಿಟ್ಟು, ಉತ್ಸವದ ಸಂದರ್ಭಗಳಲ್ಲಿ ಅಚ್ಚು ಹಾಕಿಸಿ ಹಂಚಿದ್ದು ಒಂದು, ನ್ಯಾಯಾಲಯದ ಆಜ್ಞೆಯ ಬಲದಿಂದ ಅದರ ಕಪಾಟುಗಳೊಳಗಿಂದ ಹೊರಬಿದ್ದದ್ದು ಮತ್ತೊಂದು. ಅಮೆರಿಕದ ಡ್ಯೂಪಾಂಟ್ ಕಂಪನಿಯ ವಿಷಯದಲ್ಲಿ ಈ ಎರಡು ರಾಶಿಗಳೂ ಸಮೃದ್ಧವಾಗಿವೆ. ಕಾರ್ಮಿಕರ ಸುರಕ್ಷತೆಯನ್ನು ಒಂದು ಶಾಸ್ತ್ರವಾಗಿ ಬೆಳೆಸಿ, ಆ ಶಾಸ್ತ್ರವನ್ನು ಇತರ ಕಂಪನಿಗಳಿಗೆ ಶುಲ್ಕ ಪಡೆದು ಬೋಧಿಸುವಷ್ಟರ ಮಟ್ಟಿಗೆ ಪ್ರಸಿದ್ಧಿಗೆ ಬಂದ ಸಂಸ್ಥೆ ಅದು. ನಮ್ಮ ಟಾಟಾ ಉಕ್ಕಿನ ಕಂಪನಿಯೂ ಅದರ ಸಲಹೆಯನ್ನು ಪಡೆದುದುಂಟು. ಅದೇ ಸಂಸ್ಥೆ, ತನ್ನ ಬೇಲಿಯಾಚೆಯ ಊರುಗಳ ಕುಡಿಯುವ ನೀರಿನಲ್ಲಿ ತನ್ನದೊಂದು ರಾಸಾಯನಿಕ ಸೇರಿದೆಯೆಂಬುದನ್ನು ಅರಿತೂ ಹಲವು ವರ್ಷಗಳ ಕಾಲ ಮೌನವಾಗಿದ್ದುದೂ ದಾಖಲೆಗೆ ಸೇರಿದ ಸಂಗತಿ. ಈ ಎರಡು ಮುಖಗಳಲ್ಲಿ ಒಂದು ನಿಜ, ಇನ್ನೊಂದು ಸೋಗು ಎಂದು ತೀರ್ಪಿತ್ತು ಮುಗಿಸುವುದು ಸುಲಭ. ಎರಡೂ ನಿಜವಾಗಿದ್ದುವು, ಎರಡೂ ಒಂದೇ ಬೇರಿನಿಂದ ಚಿಗುರಿದುವು ಎಂಬುದು ಈ ಲೇಖನದ ಪ್ರತಿಪಾದನೆ.

ಮೂಲಪುರುಷನಾದ ಎಲ್ಯೂತೇರ್ ಇರೇನೇ ಡ್ಯೂಪಾಂಟ್ 1771ರಲ್ಲಿ ಪ್ಯಾರಿಸ್ ನಗರದಲ್ಲಿ ಜನಿಸಿದವನು. ಹೆಸರಾಂತ ಅರ್ಥಶಾಸ್ತ್ರಜ್ಞನೊಬ್ಬನ ಮಗ. ಆಧುನಿಕ ರಸಾಯನಶಾಸ್ತ್ರದ ಪಿತಾಮಹನೆನಿಸಿದ ಲವೋಸಿಯೆ ಫ್ರೆಂಚ್ ಸರ್ಕಾರದ ಕೋವಿಮದ್ದಿನ ಇಲಾಖೆಯ ಮೇಲ್ವಿಚಾರಕನಾಗಿದ್ದ ಕಾಲದಲ್ಲಿ, ಎಸ್ಸೋನ್ ಎಂಬಲ್ಲಿಯ ಸರ್ಕಾರಿ ಕಾರ್ಖಾನೆಯಲ್ಲಿ ಈ ತರುಣನು ಮದ್ದು ತಯಾರಿಸುವ ವಿದ್ಯೆಯನ್ನು ಕಲಿತನು. ಅದು ಎಂತಹ ವಿದ್ಯೆಯೆಂಬುದನ್ನು ಹೇಳಲು ಒಂದು ಪ್ರಸಂಗವೇ ಸಾಕು: 1788ರಲ್ಲಿ ಅದೇ ಎಸ್ಸೋನಿನಲ್ಲಿ ಹೊಸ ಬಗೆಯ ಮದ್ದೊಂದನ್ನು ಪರೀಕ್ಷಿಸುತ್ತಿದ್ದಾಗ ಅದು ಅಕಸ್ಮಾತ್ತಾಗಿ ಸಿಡಿದು, ಕ್ಷಣಕಾಲ ಅತ್ತ ಸರಿದಿದ್ದ ಲವೋಸಿಯೆ ದಂಪತಿಗಳು ಬದುಕಿಕೊಂಡರು, ಜೊತೆಯಲ್ಲಿದ್ದ ಇಬ್ಬರು ಅಸುನೀಗಿದರು. ಮುಂದೆ ಕ್ರಾಂತಿಯ ಬಿರುಗಾಳಿಯಲ್ಲಿ ಗುರುವಿನ ತಲೆ ಗಿಲಟಿನ್ ಯಂತ್ರಕ್ಕೆ ಆಹುತಿಯಾಯಿತು. ಶಿಷ್ಯನ ಮನೆತನದವರು ದೇಶವನ್ನು ತೊರೆದು, 1800ನೆಯ ಇಸವಿಯ ಮೊದಲ ದಿನ ಅಮೆರಿಕದ ತೀರದಲ್ಲಿ ಇಳಿದರು. ಆ ನಾಡಿನಲ್ಲಿ ದೊರೆಯುತ್ತಿದ್ದ ಮದ್ದು ಹೀನ ದರ್ಜೆಯದೆಂಬುದನ್ನು ಕಂಡುಕೊಂಡ ಇರೇನೇ, ಡೆಲವೇರ್ ಸಂಸ್ಥಾನದ ವಿಲ್ಮಿಂಗ್ಟನ್ ಪಟ್ಟಣದ ಬಳಿ, ಬ್ರ್ಯಾಂಡಿವೈನ್ ಎಂಬ ಹೊಳೆಯ ದಡದಲ್ಲಿ 1802ರಲ್ಲಿ ನೆಲವನ್ನು ಕೊಂಡು ಕಾರ್ಖಾನೆಯನ್ನು ಕಟ್ಟಲಾರಂಭಿಸಿದನು. 1804ರಲ್ಲಿ ಅಲ್ಲಿಯ ಮದ್ದು ಮಾರಾಟಕ್ಕೆ ಬಂದಿತು.

ಪೆಟ್ಲುಪ್ಪು, ಗಂಧಕ, ಇದ್ದಿಲು ಈ ಮೂರನ್ನು ತಕ್ಕ ಪ್ರಮಾಣದಲ್ಲಿ ಕೂಡಿಸಿ, ತೇವವಿರುವಾಗಲೇ ನುಣ್ಣಗೆ ಅರೆದು, ಒತ್ತಿ, ಕಾಳುಗಟ್ಟಿಸಿ ಒಣಗಿಸುವುದು ಕೋವಿಮದ್ದಿನ ತಯಾರಿಕೆಯ ಸಾರ. ಚಿತ್ರದುರ್ಗದ ಕೋಟೆಯೊಳಗೆ ಮದ್ದು ಬೀಸುವ ಕಲ್ಲುಗಳನ್ನು ಕಂಡವರಿಗೆ ಈ ಕೆಲಸದ ಗಾತ್ರವನ್ನು ಬೇರೆಯಾಗಿ ವರ್ಣಿಸಬೇಕಾಗಿಲ್ಲ. ಬ್ರ್ಯಾಂಡಿವೈನಿನಲ್ಲಿ ಆ ಬೀಸುವಿಕೆಗೆ ಹೊಳೆಯ ನೀರೇ ಚಾಲಕಶಕ್ತಿಯಾಗಿದ್ದಿತು. ಅರೆಯುವ ಮನೆಗಳನ್ನು ಒಂದಕ್ಕೊಂದು ತಾಗದಂತೆ, ದಡದುದ್ದಕ್ಕೂ ನಡುನಡುವೆ ಎಡೆಬಿಟ್ಟು ಕಟ್ಟಿದರು. ಪ್ರತಿ ಮನೆಯ ಮೂರು ಗೋಡೆಗಳು ಭಾರಿ ಕಲ್ಲಿನವು, ಬಹು ದಪ್ಪನಾದವು. ಹೊಳೆಯ ಕಡೆಯ ನಾಲ್ಕನೆಯ ಗೋಡೆಯೂ ಮೇಲಣ ಮಾಡೂ ಹಗುರವಾದ ಮರದವು. ಮದ್ದು ಸಿಡಿದರೆ ಅದರ ರಭಸವು ಕಲ್ಲನ್ನು ಒಡೆಯಲಾರದೆ, ಮರವನ್ನು ಕಿತ್ತೊಗೆದು ನೀರಿನ ಮೇಲಕ್ಕೆ ಹೋಗಲೆಂಬುದೂ, ಪಕ್ಕದ ಮನೆಯೂ ಅಲ್ಲಿಯ ಕೆಲಸಗಾರರೂ ಉಳಿಯಲೆಂಬುದೂ ಈ ರಚನೆಯ ಉದ್ದೇಶ. ಸ್ಫೋಟವನ್ನು ಪೂರ್ತಿಯಾಗಿ ತಡೆಯಲಾಗದೆಂದು ಒಪ್ಪಿಕೊಂಡು, ಅದು ಸಾಗಬೇಕಾದ ದಾರಿಯನ್ನು ಮುಂಚಿತವಾಗಿಯೇ ನಿಶ್ಚಯಿಸಿದ ಈ ವಿವೇಕಕ್ಕೆ ಅಂದಿನ ಉದ್ಯಮಗಳಲ್ಲಿ ಸಾಟಿಯಾದುದು ವಿರಳ. ಮದ್ದಿನ ಮನೆಯಲ್ಲಿ ಮಡಿದವನನ್ನು ಕುರಿತು, ಅವನು ಹೊಳೆ ದಾಟಿದನೆಂದು ಹೇಳುವುದು ಅಲ್ಲಿಯ ಕೆಲಸಗಾರರ ವಾಡಿಕೆಯಾಯಿತು.

ಕಟ್ಟಡದ ರಚನೆಗಿಂತಲೂ ಗಮನಾರ್ಹವಾದುದು ಯಜಮಾನನ ವಾಸಸ್ಥಾನ. ಇರೇನೇ ತನ್ನ ಮನೆಯನ್ನು ಪಟ್ಟಣದಲ್ಲಿ ಕಟ್ಟಿಸಲಿಲ್ಲ. ಮದ್ದಿನ ಅಂಗಳವು ಕಣ್ಣೆದುರಿಗೇ ಕಾಣುವ ದಿಬ್ಬದ ಮೇಲೆ, ಒಂದು ಸ್ಫೋಟದ ಅಂತರದಲ್ಲಿ, ಹೆಂಡತಿಮಕ್ಕಳೊಡನೆ ನೆಲೆಸಿದನು. 1811ರಲ್ಲಿ ಸುರಕ್ಷತೆಯ ನಿಯಮಗಳು ಲಿಖಿತ ರೂಪವನ್ನು ಪಡೆದುವು. ಕಿಡಿಗೆ ಎಡೆಗೊಡಬಹುದಾದ ಕಬ್ಬಿಣದ ಮೊಳೆಗಳಿರುವ ಪಾದರಕ್ಷೆಗಳು ಅಂಗಳದೊಳಕ್ಕೆ ಬರುವಂತಿರಲಿಲ್ಲ. ಮದ್ಯಪಾನಕ್ಕೂ ಧೂಮಪಾನಕ್ಕೂ ಅಲ್ಲಿ ಸ್ಥಳವಿರಲಿಲ್ಲ. ಹೊಸದಾಗಿ ಕಟ್ಟಿದ ಇಲ್ಲವೆ ದುರಸ್ತಿಯಾದ ಯಾವ ಗಿರಣಿಯನ್ನೂ ಒಡೆತನದ ಮನೆಯವರಲ್ಲೊಬ್ಬರು ಸ್ವತಃ ನಡೆಯಿಸಿ ನೋಡಿದಲ್ಲದೆ ಕೆಲಸಗಾರರಿಗೆ ಒಪ್ಪಿಸತಕ್ಕದ್ದಲ್ಲವೆಂಬ ನಿಯಮವಿದ್ದಿತೆಂದು ಸಂಸ್ಥೆಯ ಇತಿಹಾಸಗಳು ಹೇಳುತ್ತವೆ. ಇಂದಿನ ಸುರಕ್ಷತಾ ಕೈಪಿಡಿಗಳ ನೂರಾರು ಪುಟಗಳಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ನಿಯಮವೊಂದನ್ನು ಹುಡುಕಿ ತೆಗೆಯುವುದು ಕಷ್ಟ.

ನಿಯಮವಿದ್ದ ಮಾತ್ರಕ್ಕೆ ಮದ್ದು ಶಾಂತವಾಗಲಿಲ್ಲ. 1818ರ ಮಾರ್ಚ್ ತಿಂಗಳಲ್ಲಿ ಒಂದರ ಹಿಂದೊಂದಾಗಿ ಸಂಭವಿಸಿದ ಸ್ಫೋಟಗಳಲ್ಲಿ ಮೂವತ್ತಕ್ಕೂ ಮಿಗಿಲಾದ ಕೆಲಸಗಾರರು ಮೃತರಾದರು. ದಿಬ್ಬದ ಮೇಲಿನ ಮನೆಯೂ ಜಖಂಗೊಂಡು ಯಜಮಾನನ ಪತ್ನಿ ಸೋಫಿ ಗಾಯಗೊಂಡಳು. ಮೃತರ ವಿಧವೆಯರಿಗೆ ಪಿಂಚಣಿಯನ್ನೂ ವಾಸಕ್ಕೆ ಮನೆಯನ್ನೂ ಕಂಪನಿ ಕೊಡುತ್ತಿದ್ದಿತು. ಕಾರ್ಮಿಕರ ಪರಿಹಾರಕ್ಕೆ ಕಾನೂನೆಂಬುದೇ ಇಲ್ಲದಿದ್ದ ಆ ಕಾಲದಲ್ಲಿ ಇದು ಸಾಮಾನ್ಯವಾದ ಮಾತಲ್ಲ. ಒಡೆಯರ ಮನೆತನವೂ ತನ್ನ ಪಾಲಿನ ಬಲಿಯನ್ನು ತೆತ್ತಿತು: ಸ್ಥಾಪಕನ ಮಗ ಅಲೆಕ್ಸಿಸ್ 1857ರ ಸ್ಫೋಟವೊಂದರಲ್ಲಿಯೂ, ಮೊಮ್ಮಗನೂ ಪ್ರತಿಭಾಶಾಲಿ ರಸಾಯನಜ್ಞನೂ ಆದ ಲ್ಯಾಮೊ 1884ರಲ್ಲಿ ನ್ಯೂಜರ್ಸಿಯ ರೆಪಾನೊ ಕಾರ್ಖಾನೆಯ ನೈಟ್ರೋಗ್ಲಿಸರಿನ್ ಸಿಡಿತದಲ್ಲಿಯೂ ಪ್ರಾಣ ನೀಗಿದರು. 1921ರಲ್ಲಿ ಬ್ರ್ಯಾಂಡಿವೈನಿನ ಅಂಗಳಗಳು ಮುಚ್ಚುವ ವೇಳೆಗೆ ಅಲ್ಲಿ ನಡೆದ ಸ್ಫೋಟಗಳ ಸಂಖ್ಯೆ 288, ಮಡಿದವರ ಸಂಖ್ಯೆ 228 ಎಂದು ಈಗ ಆ ಸ್ಥಳದಲ್ಲಿರುವ ಹ್ಯಾಗ್ಲಿ ವಸ್ತುಸಂಗ್ರಹಾಲಯದ ಲೆಕ್ಕ.

ಈ ಮೊದಲ ಅಧ್ಯಾಯದಿಂದ ಗ್ರಹಿಸಬೇಕಾದುದು ಇಷ್ಟು. ಡ್ಯೂಪಾಂಟರ ಸುರಕ್ಷತಾಪ್ರಜ್ಞೆ ಪರೋಪಕಾರಬುದ್ಧಿಯಿಂದ ಮಾತ್ರ ಹುಟ್ಟಿದುದಲ್ಲ. ಅಪಾಯವನ್ನು ನಿರ್ಧರಿಸುವವರೂ ಅನುಭವಿಸುವವರೂ ಒಂದೇ ಅಂಗಳದಲ್ಲಿ ಬಾಳಿದ್ದರಿಂದ ಅದಕ್ಕೆ ಅಷ್ಟು ಬಲ ಬಂದಿತು. ಆದರೆ ಆ ಅಂಗಳದ ಕಟ್ಟಡಗಳಲ್ಲಿ ಒಂದು ದಿಕ್ಕು ಮಾತ್ರ ಕಲ್ಲಿನ ಕಾಪಿಲ್ಲದೆ ಉಳಿದಿದ್ದಿತು. ಬರುವ ಕೇಡೆಲ್ಲವೂ ಹೊಳೆಯ ಕಡೆಗೆ ಹೋಗಲಿ, ಅಲ್ಲಿ ನಮ್ಮವರಾರೂ ಇಲ್ಲ ಎಂಬ ಲೆಕ್ಕಾಚಾರವು, ಎದುರು ದಡದಲ್ಲಿ ಕಾಡಲ್ಲದೆ ಬೇರೇನೂ ಇಲ್ಲದಿದ್ದಾಗ ನಿರ್ದೋಷವಾದುದೇ ಸರಿ. ಹೊಳೆಯ ಕೆಳಗೆ ಊರುಗಳಿದ್ದಾಗ ಅದೇ ಲೆಕ್ಕಾಚಾರ ಏನಾಗುವುದೆಂಬುದನ್ನು ಮುಂದಿನ ಶತಮಾನ ತೋರಿಸಿಕೊಟ್ಟಿತು.

1890ರ ಸ್ಫೋಟದಲ್ಲಿ ದಿಬ್ಬದ ಮನೆ ಬಹಳವಾಗಿ ಹಾಳಾದ ಮೇಲೆ ಮನೆತನದವರು ಅಲ್ಲಿಂದ ತೆರಳಿದರು. 1902ರಲ್ಲಿ ಮೂವರು ದಾಯಾದಿ ಸಹೋದರರು ಕಂಪನಿಯನ್ನು ಕೊಂಡುಕೊಂಡು ಅದನ್ನು ಆಧುನಿಕ ಸಂಸ್ಥೆಯನ್ನಾಗಿ ಪುನರ್ರಚಿಸಿದರು. ಮದ್ದಿನ ವ್ಯಾಪಾರದಲ್ಲಿ ಏಕಸ್ವಾಮ್ಯವನ್ನು ಸ್ಥಾಪಿಸಿದ ಆರೋಪದ ಮೇಲೆ 1912ರಲ್ಲಿ ನ್ಯಾಯಾಲಯವು ಕಂಪನಿಯನ್ನು ಒಡೆಯಿತು. ಮೊದಲ ಮಹಾಯುದ್ಧದ ಲಾಭದಿಂದ ಪುಷ್ಟವಾದ ಬಂಡವಾಳವು ಬಣ್ಣ, ಕೃತಕ ರೇಷ್ಮೆ, ಲೇಪನಗಳು ಮುಂತಾದ ರಸಾಯನೋದ್ಯಮಗಳಿಗೆ ಹರಿಯಿತು. ವ್ಯಾಲೆಸ್ ಕ್ಯಾರೊಥರ್ಸ್‌ನ ಪ್ರಯೋಗಾಲಯದಲ್ಲಿ 1935ರಲ್ಲಿ ನೈಲಾನ್ ಹುಟ್ಟಿತು. 1938ರ ಏಪ್ರಿಲ್‌ನಲ್ಲಿ ರಾಯ್ ಪ್ಲಂಕೆಟ್ ಎಂಬ ತರುಣ ರಸಾಯನಜ್ಞನ ಅನಿಲದ ಸಿಲಿಂಡರಿನೊಳಗೆ ಆಕಸ್ಮಿಕವಾಗಿ ಕಂಡ ಬಿಳಿಯ ಪುಡಿ ಮುಂದೆ ಟೆಫ್ಲಾನ್ ಎಂದು ಜಗತ್ಪ್ರಸಿದ್ಧವಾಯಿತು. ಕಾರ್ಖಾನೆಗಳ ಸಂಖ್ಯೆ ಬೆಳೆದಂತೆ, ಯಜಮಾನನ ಕಣ್ಣಳತೆಯಲ್ಲಿ ನಡೆಯುತ್ತಿದ್ದ ಸುರಕ್ಷತೆಯು ಅಂಕಿಅಂಶಗಳ ಮೂಲಕ ನಡೆಯಬೇಕಾಯಿತು. ಅಪಘಾತಗಳ ಲೆಕ್ಕವನ್ನು ಕ್ರಮವಾಗಿ ಇಡುವುದು, ಪ್ರತಿ ಗಾಯದ ಕಾರಣವನ್ನು ವಿಚಾರಿಸುವುದು, ಅಪಘಾತಕ್ಕೆ ಆಯಾ ವಿಭಾಗದ ಅಧಿಕಾರಿಯನ್ನೇ ಹೊಣೆಯಾಗಿಸುವುದು, ತಡೆಯಲಾಗದ ಗಾಯವೆಂಬುದೇ ಇಲ್ಲವೆಂಬುದನ್ನು ಮೂಲಸೂತ್ರವಾಗಿ ಸ್ವೀಕರಿಸುವುದು: ಇವು ಆ ಪದ್ಧತಿಯ ಅಂಗಗಳು. ಮನೆಯಲ್ಲಿಯೂ ರಸ್ತೆಯಲ್ಲಿಯೂ ಕೆಲಸಗಾರನಿಗೆ ಆಗುವ ಗಾಯಗಳನ್ನು ಕೂಡ 1950ರ ದಶಕದಲ್ಲಿ ಕಂಪನಿ ಗಮನಕ್ಕೆ ತೆಗೆದುಕೊಂಡಿತು. ಈ ಶಿಸ್ತಿನ ಫಲವಾಗಿ ಅದರ ಅಪಘಾತಪ್ರಮಾಣ ಅಮೆರಿಕದ ಉದ್ಯಮಗಳ ಸರಾಸರಿಗಿಂತ ಬಹಳ ಕೆಳಗಿಳಿಯಿತು. ಅಲ್ಲಿ ಉಳಿದ ಕೈಕಾಲುಗಳೂ ಕಣ್ಣುಗಳೂ ಜೀವಗಳೂ ವಾಸ್ತವವಾದವು. ಮುಂದಿನ ಟೀಕೆಗಳು ಯಾವುವೂ ಈ ಶ್ರೇಯಸ್ಸನ್ನು ಅಳಿಸತಕ್ಕವಲ್ಲ.

ಆದರೆ ಲೆಕ್ಕಕ್ಕೆ ಸಿಕ್ಕುವ ಗಾಯ ಒಂದು ಬಗೆ, ಸಿಕ್ಕದ ಗಾಯ ಇನ್ನೊಂದು ಬಗೆ. ಸ್ಫೋಟಕ್ಕೆ ಶಬ್ದವಿದೆ, ದಿನಾಂಕವಿದೆ. ಮೈಯೊಳಗೆ ಮೆಲ್ಲಮೆಲ್ಲನೆ ಇಳಿಯುವ ವಿಷಕ್ಕೆ ಅವೆರಡೂ ಇಲ್ಲ. 1920ರ ದಶಕದಲ್ಲಿ, ಪೆಟ್ರೋಲಿಗೆ ಬೆರೆಸುವ ಸೀಸದ ಸಂಯುಕ್ತವನ್ನು ತಯಾರಿಸುತ್ತಿದ್ದ ನ್ಯೂಜರ್ಸಿಯ ಡೀಪ್‌ವಾಟರ್ ಕಾರ್ಖಾನೆಯಲ್ಲಿ, ವಿಷವೇರಿದ ಕೆಲಸಗಾರರು ಇಲ್ಲದ ಕೀಟಗಳನ್ನು ಗಾಳಿಯಲ್ಲಿ ಹಿಡಿಯಹೋಗುತ್ತಿದ್ದುದರಿಂದ ಆ ಕಟ್ಟಡಕ್ಕೆ ಚಿಟ್ಟೆಗಳ ಮನೆಯೆಂದೇ ಹೆಸರು ಬಿದ್ದಿತು; ಹಲವರು ಚಿತ್ತಭ್ರಮಣೆಯಿಂದ ಸತ್ತರು. ಮುಂದಿನ ದಶಕದಲ್ಲಿ ಅಲ್ಲಿಯ ಬಣ್ಣದ ವಿಭಾಗದ ಕೆಲಸಗಾರರಲ್ಲಿ ಮೂತ್ರಕೋಶದ ಅರ್ಬುದರೋಗ ಕಾಣಿಸಿಕೊಂಡಿತು. ಇಂತಹ ವಿಷಗಳ ಪರೀಕ್ಷೆಗಾಗಿಯೇ ಕಂಪನಿ 1935ರಲ್ಲಿ ಹ್ಯಾಸ್ಕೆಲ್ ಪ್ರಯೋಗಾಲಯವನ್ನು ಸ್ಥಾಪಿಸಿದ್ದು ದೂರದೃಷ್ಟಿಯ ಕಾರ್ಯ. ಅಲ್ಲಿ ನೇಮಕಗೊಂಡ ವಿಲ್ಹೆಲ್ಮ್ ಹ್ಯೂಪರ್ ಎಂಬ ವೈದ್ಯ ವಿಜ್ಞಾನಿಯು, ಬಣ್ಣದ ತಯಾರಿಕೆಯಲ್ಲಿ ಬಳಸುವ ಬೀಟಾನ್ಯಾಫ್ತೈಲಮೀನ್ ನಾಯಿಗಳಲ್ಲಿ ಅದೇ ರೋಗವನ್ನು ಉಂಟುಮಾಡುವುದೆಂದು ಸಿದ್ಧಪಡಿಸಿದನು. ಕೆಲಸಗಾರರ ಅಪಾಯವನ್ನು ಕುರಿತು ಒತ್ತಿ ಹೇಳಿದ ಆತನಿಗೆ ಕಂಪನಿಯಲ್ಲಿ ಸ್ಥಾನ ತಪ್ಪಿತು. 1942ರಲ್ಲಿ ವೃತ್ತಿಜನ್ಯ ಅರ್ಬುದಗಳನ್ನು ಕುರಿತ ಮಹಾಗ್ರಂಥವನ್ನು ಆತ ಪ್ರಕಟಿಸಿದನು, ಮತ್ತು 1948ರಲ್ಲಿ ಅಮೆರಿಕದ ರಾಷ್ಟ್ರೀಯ ಅರ್ಬುದ ಸಂಸ್ಥೆಯ ಪರಿಸರ ವಿಭಾಗದ ಪ್ರಥಮ ಮುಖ್ಯಸ್ಥನಾದನು. ಸತ್ಯವನ್ನು ಕಂಡುಹಿಡಿಯಲೆಂದು ಪ್ರಯೋಗಾಲಯವನ್ನು ಕಟ್ಟುವುದು, ಕಂಡುಹಿಡಿದ ಸತ್ಯವನ್ನು ಹೊರಗೆ ಹೇಳಗೊಡುವುದು, ಇವೆರಡೂ ಬೇರೆ ಬೇರೆ ಗುಣಗಳೆಂಬುದು ಇಲ್ಲಿ ಮೊದಲ ಬಾರಿಗೆ ಸ್ಪಷ್ಟವಾಯಿತು.

ಶೀತಕ ಅನಿಲದ ಕಥೆ ಇನ್ನೂ ಬೋಧಪ್ರದವಾದುದು, ಏಕೆಂದರೆ ಅದು ಹುಟ್ಟಿದ್ದೇ ಸುರಕ್ಷತೆಯ ಹೆಸರಿನಲ್ಲಿ. ಅಮೋನಿಯ, ಗಂಧಕದ ಡೈಆಕ್ಸೈಡುಗಳಂತಹ ವಿಷಾನಿಲಗಳನ್ನು ತುಂಬಿದ ಶೀತಕಪೆಟ್ಟಿಗೆಗಳು ಮನೆಯವರಿಗೆ ಅಪಾಯಕರವಾಗಿದ್ದುದರಿಂದ, ಉರಿಯದ, ಉಸಿರಿಗೆ ಸೇರಿದರೂ ವಿಷವಾಗದ ಕ್ಲೋರೋಫ್ಲೋರೋಕಾರ್ಬನ್ನುಗಳನ್ನು ಜನರಲ್ ಮೋಟಾರ್ಸಿನ ಥಾಮಸ್ ಮಿಜ್ಲಿ ರೂಪಿಸಿದನು; 1930ರಲ್ಲಿ ವಿಜ್ಞಾನಿಗಳ ಸಭೆಯೊಂದರಲ್ಲಿ ಆ ಅನಿಲವನ್ನು ತಾನೇ ಒಳಕ್ಕೆಳೆದು, ಮತ್ತೆ ಊದಿ ಉರಿಯುವ ಮೇಣದಬತ್ತಿಯನ್ನು ಆರಿಸಿ ತೋರಿಸಿದನು. ಫ್ರಿಯಾನ್ ಎಂಬ ಹೆಸರಿನಿಂದ ಡ್ಯೂಪಾಂಟ್ ಅದರ ಜಗತ್ತಿನ ಅತಿದೊಡ್ಡ ತಯಾರಕನಾಯಿತು. ಈ ನಿರಪಾಯಕಾರಿ ಅನಿಲವು ಮೇಲಕ್ಕೇರಿ ಓಜೋನ್ ಪದರವನ್ನು ಕೊರೆಯುವುದೆಂದು 1974ರಲ್ಲಿ ಮೊಲೀನ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು ಎಚ್ಚರಿಸಿದಾಗ, ಹಾನಿ ಸಿದ್ಧವಾದರೆ ತಯಾರಿಕೆಯನ್ನು ನಿಲ್ಲಿಸುವೆವೆಂದು ಕಂಪನಿ ಬಹಿರಂಗವಾಗಿ ವಚನವಿತ್ತಿತು. ಆದರೆ ಸಿದ್ಧಿಯ ಮಾನದಂಡವನ್ನು ಮಾತ್ರ ವರ್ಷವರ್ಷಕ್ಕೂ ಮೇಲಕ್ಕೆತ್ತುತ್ತ ಹೋಯಿತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿದ್ದಿತು. ವಚನವನ್ನು ನೆನಪಿಸಿದ ಮೂವರು ಸೆನೆಟರುಗಳಿಗೆ 1988ರ ಮಾರ್ಚ್ ಮೊದಲ ವಾರದಲ್ಲಿ ನಿರಾಕರಣೆಯ ಉತ್ತರವನ್ನು ಬರೆದ ಕಂಪನಿಯು, ಅದೇ ತಿಂಗಳ ನಡುವೆ ವಿಜ್ಞಾನಿಗಳ ಸಮಿತಿಯ ವರದಿ ಹೊರಬಂದೊಡನೆ, ಮಾರ್ಚ್ 24ರಂದು, ಈ ಅನಿಲಗಳ ತಯಾರಿಕೆಯನ್ನು ಕ್ರಮವಾಗಿ ಕೈಬಿಡುವುದಾಗಿ ಸಾರಿತು. ಮನಸ್ಸು ಮಾಡಿದ ಮೇಲೆ ಬದಲಿ ಅನಿಲಗಳನ್ನು ರೂಪಿಸಿ ಮಾರುಕಟ್ಟೆಗೆ ತರುವುದರಲ್ಲಿ ಅದೇ ಮುಂದಾಯಿತೆಂಬುದನ್ನೂ ಹೇಳತಕ್ಕದ್ದು ನ್ಯಾಯ. 1989ರಲ್ಲಿ ಮುಖ್ಯಸ್ಥ ಎಡ್ಗರ್ ವೂಲರ್ಡ್ ಲಂಡನ್ನಿನಲ್ಲಿ ಉದ್ಯಮಗಳ ಪರಿಸರಧರ್ಮವನ್ನು ಕುರಿತು ಉಪನ್ಯಾಸ ಮಾಡಿ ಜಗತ್ತಿನ ಮೆಚ್ಚುಗೆಯನ್ನು ಗಳಿಸಿದರು.

ಆ ಉಪನ್ಯಾಸದ ಕಾಲಕ್ಕಾಗಲೇ ಪಶ್ಚಿಮ ವರ್ಜೀನಿಯದ ಪಾರ್ಕರ್ಸ್‌ಬರ್ಗ್ ಬಳಿ, ಒಹಾಯೋ ನದಿಯ ದಡದ ಕಾರ್ಖಾನೆಯಲ್ಲಿ ಬೇರೊಂದು ಚರಿತ್ರೆ ನಡೆಯುತ್ತಿದ್ದಿತು. ಟೆಫ್ಲಾನಿನ ತಯಾರಿಕೆಗೆಂದು 1951ರಿಂದ 3ಎಂ ಕಂಪನಿಯಿಂದ ಕೊಳ್ಳುತ್ತಿದ್ದ, ಸಿ-8 ಎಂದು ಅಲ್ಲಿಯವರು ಕರೆಯುತ್ತಿದ್ದ ರಾಸಾಯನಿಕವು ಮಣ್ಣಿನಲ್ಲಾಗಲಿ ನೀರಿನಲ್ಲಾಗಲಿ ಕೊಳೆಯದು, ದೇಹವನ್ನು ಸೇರಿದರೆ ವರ್ಷಗಟ್ಟಲೆ ರಕ್ತದಲ್ಲಿಯೇ ಉಳಿಯುವುದು. 1981ರಲ್ಲಿ, ಇಲಿಗಳ ಮರಿಗಳಲ್ಲಿ ಕಣ್ಣಿನ ದೋಷ ಕಂಡಿತೆಂಬ ಸುದ್ದಿ ಬಂದಾಗ, ಕಂಪನಿ ಆ ವಿಭಾಗದ ಮಹಿಳೆಯರನ್ನು ಬೇರೆಡೆಗೆ ವರ್ಗಾಯಿಸಿತು. ಅಲ್ಲಿ ದುಡಿದ ತಾಯಂದಿರ ಏಳು ಶಿಶುಗಳಲ್ಲಿ ಎರಡಕ್ಕೆ ಕಣ್ಣಿನ ದೋಷವಿದ್ದುದು ಅದರ ದಾಖಲೆಗೆ ಬಂದಿತು, ಸಾರ್ವಜನಿಕರ ಗಮನಕ್ಕೆ ಬರಲಿಲ್ಲ. 1984ರಲ್ಲಿ ಸುತ್ತಲಿನ ಊರುಗಳ ಕುಡಿಯುವ ನೀರನ್ನು ಸದ್ದಿಲ್ಲದೆ ತರಿಸಿ ಪರೀಕ್ಷಿಸಿದಾಗ ಅದರಲ್ಲಿ ಸಿ-8 ಇರುವುದು ತಿಳಿಯಿತು. ಆ ನೀರನ್ನು ಕುಡಿಯುವವರಿಗೆ ತಿಳಿಯಲಿಲ್ಲ. ಇಲ್ಲಿಯ ವೈಲಕ್ಷಣ್ಯವನ್ನು ಗಮನಿಸಬೇಕು: ಬೇಲಿಯೊಳಗಿನ ಮಹಿಳೆಯನ್ನು ತಕ್ಷಣವೇ ದೂರ ಸರಿಸಿದ ಎಚ್ಚರ, ನದಿಯ ಕೆಳಗಿನ ಊರಿನ ಗರ್ಭಿಣಿಯನ್ನು ಕಂಡು ಮೂಕವಾಯಿತು. ಪರೀಕ್ಷೆಯನ್ನು ನಡೆಯಿಸುವಷ್ಟು ಶಾಸ್ತ್ರೀಯ ಶಿಸ್ತು ಇದ್ದಿತು. ಫಲಿತವನ್ನು ಯಾರಿಗೆ ಹೇಳಬೇಕೆಂಬುದರಲ್ಲಿ ಹಳೆಯ ಹೊಳೆಯ ಕಡೆಯ ಗೋಡೆಯ ತರ್ಕವೇ ಗೆದ್ದಿತು.

ಮೌನವನ್ನು ಮುರಿದವನು ಕಾರ್ಖಾನೆಯ ತ್ಯಾಜ್ಯದ ಗುಂಡಿಯ ನೆರೆಯಲ್ಲಿ ದನಗಳನ್ನು ಸಾಕುತ್ತಿದ್ದ ಒಬ್ಬ ರೈತ. ತನ್ನ ಹಸುಗಳು ಹಳ್ಳದ ನೀರನ್ನು ಕುಡಿದು ಒಂದರ ಮೇಲೊಂದು ಸಾಯುವುದನ್ನು ಚಿತ್ರೀಕರಿಸಿಕೊಂಡು ಆತನು ಸಿನ್ಸಿನಾಟಿಯ ವಕೀಲ ರಾಬ್ ಬಿಲೊಟ್ ಅವರ ಬಳಿಗೆ ಹೋದನು. 1999ರಲ್ಲಿ ಹೂಡಿದ ದಾವೆಯಿಂದ ಸಾವಿರಾರು ಪುಟಗಳ ಒಳಪತ್ರಗಳು ಬೆಳಕಿಗೆ ಬಂದುವು. 2001ರಲ್ಲಿ ಊರುಗಳ ಪರವಾಗಿ ಸಾಮೂಹಿಕ ದಾವೆ ಆರಂಭವಾಯಿತು. ಸಂಗತಿಗಳನ್ನು ಮುಚ್ಚಿಟ್ಟುದಕ್ಕಾಗಿ ಪರಿಸರ ಸಂರಕ್ಷಣಾ ಇಲಾಖೆಯೊಡನೆ 2005ರಲ್ಲಿ ಆದ ರಾಜಿಯಲ್ಲಿ ಕಂಪನಿ ತೆತ್ತುದು 1.65 ಕೋಟಿ ಡಾಲರು. ಆ ಸಾಮೂಹಿಕ ದಾವೆಯಲ್ಲಿ ಆದ 2004ರ ಒಪ್ಪಂದದ ಹಣದಿಂದ ವಾದಿಗಳು ಮಾಡಿದ ಕಾರ್ಯವಂತೂ ಉದ್ಯಮಗಳ ಚರಿತ್ರೆಯಲ್ಲಿಯೇ ಅಪರೂಪದ್ದು: ಸುಮಾರು 69,000 ಮಂದಿ ತಮ್ಮ ರಕ್ತವನ್ನೂ ಆರೋಗ್ಯದ ವಿವರಗಳನ್ನೂ ಒಪ್ಪಿಸಿ, ತಮ್ಮ ಮೈಗಳನ್ನೇ ಸಾಕ್ಷ್ಯವಾಗಿ ಮುಂದಿಟ್ಟರು. ಉಭಯ ಪಕ್ಷಗಳೂ ಒಪ್ಪಿ ನೇಮಿಸಿದ ವಿಜ್ಞಾನಿಗಳ ಮಂಡಳಿಯು 2012ರ ವೇಳೆಗೆ ಮೂತ್ರಪಿಂಡದ ಮತ್ತು ವೃಷಣದ ಅರ್ಬುದ, ಥೈರಾಯ್ಡ್ ರೋಗ ಮೊದಲಾದ ಆರು ವ್ಯಾಧಿಗಳಿಗೂ ಸಿ-8ಕ್ಕೂ ಸಂಬಂಧವಿರುವುದು ಸಂಭಾವ್ಯವೆಂದು ತೀರ್ಮಾನಿಸಿತು. 2017ರಲ್ಲಿ ಮೂರೂವರೆ ಸಾವಿರದಷ್ಟು ದಾವೆಗಳು ಸುಮಾರು 67 ಕೋಟಿ ಡಾಲರುಗಳಿಗೆ ಇತ್ಯರ್ಥವಾದುವು. 2019ರಲ್ಲಿ ಆ ರಾಸಾಯನಿಕವು ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿಯನ್ನು ಸೇರಿತು.

ಬೇಲಿಯಾಚೆಯ ಅಲಕ್ಷ್ಯ ಬೇಲಿಯೊಳಗನ್ನು ಬಹುಕಾಲ ನಿರ್ಮಲವಾಗಿ ಉಳಿಯಗೊಡುವುದಿಲ್ಲ. 2010ರ ಜನವರಿಯಲ್ಲಿ ಪಶ್ಚಿಮ ವರ್ಜೀನಿಯದ ಬೆಲ್ ಕಾರ್ಖಾನೆಯಲ್ಲಿ ಸವೆದ ಕೊಳವೆಯೊಂದು ಒಡೆದು ಫಾಸ್ಜೀನ್ ಅನಿಲ ತಗುಲಿದ ಕೆಲಸಗಾರನೊಬ್ಬ ಮೃತನಾದನು. 2014ರ ನವೆಂಬರ್ 15ರಂದು ಟೆಕ್ಸಾಸಿನ ಲಾ ಪೋರ್ಟ್‌ನಲ್ಲಿ ಸುಮಾರು 24,000 ಪೌಂಡುಗಳಷ್ಟು ಮೀಥೈಲ್ ಮರ್ಕ್ಯಾಪ್ಟನ್ ಸೋರಿ ನಾಲ್ವರು ಮಡಿದರು. ಸಹೋದ್ಯೋಗಿಯನ್ನು ಉಳಿಸಲೆಂದು ಧಾವಿಸಿದವರೂ ಅವರಲ್ಲಿದ್ದರು. ಕಟ್ಟಡದ ಗಾಳಿಯನ್ನು ಹೊರಹಾಕತಕ್ಕ ಪಂಖಗಳು ಅಂದು ಕೆಲಸ ಮಾಡುತ್ತಿರಲಿಲ್ಲವೆಂದು ತನಿಖಾ ಮಂಡಳಿ ಕಂಡಿತು. ಬೆರಳ ಗಾಯವನ್ನೂ ಲೆಕ್ಕಕ್ಕೆ ಹಿಡಿಯುವ ಪದ್ಧತಿಯೊಂದು ಮಾರಕ ಅನಿಲದ ಕೊಳವೆಯ ವಿಷಯದಲ್ಲಿ ಮೈಮರೆಯಬಲ್ಲದೆಂಬುದಕ್ಕೆ ಇವು ನಿದರ್ಶನಗಳು. ಮುಂದಿನ ವರ್ಷ ಟೆಫ್ಲಾನ್ ವ್ಯವಹಾರವು ಕೆಮೋರ್ಸ್ ಎಂಬ ಹೊಸ ಕಂಪನಿಯ ಪಾಲಾಯಿತು. 2017ರಲ್ಲಿ ಡ್ಯೂಪಾಂಟ್ ಡೌ ಕಂಪನಿಯೊಡನೆ ಬೆರೆಯಿತು, 2019ರಲ್ಲಿ ಮತ್ತೆ ಮೂರಾಗಿ ಒಡೆಯಿತು. ಸುರಕ್ಷತೆಯ ಸಲಹಾವಿಭಾಗವೂ ಅದೇ ವರ್ಷ ಮಾರಾಟವಾಯಿತು.

ಡೌ ಎಂಬ ಹೆಸರು ಭಾರತೀಯರಿಗೆ ನೋವನ್ನುಂಟುಮಾಡದೆ ಇರದು. ಭೋಪಾಲದ ಯೂನಿಯನ್ ಕಾರ್ಬೈಡನ್ನು 2001ರಲ್ಲಿ ಕೊಂಡ ಕಂಪನಿ ಅದು. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಬಡಜನರು ತಮ್ಮ ಮೇಲೆ ಬಂದೆರಗಿದ ಅನಿಲದ ಹೆಸರನ್ನೂ ಅರಿಯರು, ಒದ್ದೆ ಬಟ್ಟೆಯನ್ನು ಮೂಗಿಗೆ ಹಿಡಿಯಬೇಕೆಂಬುದನ್ನೂ ಅರಿಯರು. ನಮ್ಮ ನೆರೆಯ ಗೋವೆಯಲ್ಲಿ, ಪೋಂಡಾ ತಾಲ್ಲೂಕಿನ ಕೇರಿ ಎಂಬಲ್ಲಿ ಡ್ಯೂಪಾಂಟ್ ಪಾಲುಗಾರನಾಗಿದ್ದ ನೈಲಾನ್ ಕಾರ್ಖಾನೆಯ ಯೋಜನೆಯನ್ನು ಗ್ರಾಮಸ್ಥರು ವಿರೋಧಿಸಿ 1995ರಲ್ಲಿ ಹಿಂದಕ್ಕೆ ಕಳುಹಿದ್ದಕ್ಕೆ ಈ ನೆನಪೂ ಒಂದು ಕಾರಣ. ಭೋಪಾಲದಿಂದ ಕಲಿತ ಪಾಠವನ್ನು ನಮ್ಮ ಸಂಸತ್ತು 1987ರಲ್ಲಿ ಕಾರ್ಖಾನೆಗಳ ಕಾಯಿದೆಗೆ ಸೇರಿಸಿತು: ಅಪಾಯಕರ ಪ್ರಕ್ರಿಯೆಯನ್ನು ನಡೆಯಿಸುವವನು ಅದರ ಅಪಾಯಗಳನ್ನೂ ಪರಿಹಾರೋಪಾಯಗಳನ್ನೂ ಕೆಲಸಗಾರರಿಗೆ, ಇಲಾಖೆಗೆ, ಸ್ಥಳೀಯ ಆಡಳಿತಕ್ಕೆ, ನೆರೆಹೊರೆಯ ಸಾರ್ವಜನಿಕರಿಗೆ ತಿಳಿಯಪಡಿಸತಕ್ಕದ್ದೆಂದು 41-ಬಿ ಪ್ರಕರಣ ವಿಧಿಸಿತು.

ಡ್ಯೂಪಾಂಟಿನ ಎರಡು ಶತಮಾನಗಳು ಈ ವಿಧಿಯ ಔಚಿತ್ಯಕ್ಕೆ ದೀರ್ಘವಾದ ವ್ಯಾಖ್ಯಾನದಂತಿವೆ. ಆ ಸಂಸ್ಥೆಯಲ್ಲಿ ಜ್ಞಾನದ ಕೊರತೆಯಿರಲಿಲ್ಲ, ಶಿಸ್ತಿನ ಕೊರತೆಯಿರಲಿಲ್ಲ, ಹಣದ ಕೊರತೆಯಂತೂ ಇರಲೇ ಇಲ್ಲ. ತನ್ನ ಅಪಾಯದಲ್ಲಿ ಪಾಲುಗಾರರಾದವರೆಲ್ಲರನ್ನೂ ತನ್ನವರೆಂದು ಎಣಿಸುವ ಅಭ್ಯಾಸವೊಂದು ಕೊರತೆಯಾಗಿ, ಮಿಕ್ಕ ಗುಣಗಳೆಲ್ಲ ಬೇಲಿಯವರೆಗೆ ಬಂದು ನಿಂತುವು. ಯಜಮಾನನು ಮದ್ದಿನ ಮನೆಯೆದುರು ವಾಸಿಸುವ ಕಾಲ ಮತ್ತೆ ಬರಲಾರದು. ಆಡಳಿತ ಮಂಡಳಿಯೊಂದು ಖಂಡದಲ್ಲಿ, ಕಾರ್ಖಾನೆ ಇನ್ನೊಂದು ಖಂಡದಲ್ಲಿರುವುದೇ ಬಹುರಾಷ್ಟ್ರೀಯ ಉದ್ಯಮದ ಲಕ್ಷಣ. ಆ ಸಾಮೀಪ್ಯದ ಸ್ಥಾನವನ್ನು ಇಂದು ಮಾಹಿತಿಯೊಂದೇ ತುಂಬಬಲ್ಲದು. ಆದುದರಿಂದ ನಮ್ಮ ನಾಡಿನ ಕಾರ್ಖಾನೆಯೊಂದು ತನ್ನ ಸುರಕ್ಷತೆಯ ಸಾಧನೆಯನ್ನು ಪ್ರಕಟಿಸುವಾಗ, ಗಾಯಗೊಳ್ಳದ ಕೆಲಸಗಾರರ ಲೆಕ್ಕದೊಡನೆ ತಾನು ಹೊರಬಿಡುವ ನೀರಿನ, ಹೊಗೆಯ, ತ್ಯಾಜ್ಯದ ಪರೀಕ್ಷೆಯ ಫಲಿತಾಂಶಗಳನ್ನೂ, ಅವು ಕಹಿಯಾಗಿದ್ದರೂ, ನೆರೆಯ ಗ್ರಾಮಪಂಚಾಯಿತಿಯವರು ಓದಿ ಅರ್ಥಮಾಡಿಕೊಳ್ಳಬಲ್ಲ ಕನ್ನಡದಲ್ಲಿ ಪ್ರಕಟಿಸಬೇಕು. ಹಾಗೆ ಪ್ರಕಟಿಸದ ಸಂಸ್ಥೆಗೆ ಸುರಕ್ಷತೆಯ ಪಾರಿತೋಷಕವನ್ನು ಕೊಡುವ ಪದ್ಧತಿಯನ್ನು ಕೈಬಿಡಬೇಕು.